ಒಂದೇ ನಿದ್ದೆಗೆ ಬೆಳಗಾಯಿತು
ನಿನ್ನೆ ರಾತ್ರಿ ಮೂತ್ರಕ್ಕೆ ಅಂತ ಒಂದು ಸಲವೂ ಏಳಲಿಲ್ಲ!
ನಿದ್ದೆಯಲ್ಲಿ ಉಸಿರು ಕಟ್ಟದಂತೆ ಗಾಳಿ ಒತ್ತುವ ಸಿಪ್ಯಾಪ್ ಮಷೀನ್‌ನ ಮಾಸ್ಕ್ ಹಾಕಿಕೊಂಡು ಮಲಗಿದ್ದೆ. ಕಣ್ಣು ಬಿಟ್ಟಾಗ ಬೆಳಕಾಗಿತ್ತು.

ರಾತ್ರಿ ಪದೇ ಪದೇ ಏಳೋದು ವಯಸ್ಸಿನಿಂದ ಅಂತ ಸುಮ್ನೆ ಬಿಟ್ಟುಬಿಡುತ್ತೇವೆ, ಅಲ್ವಾ?
ನಿದ್ದೆಯಲ್ಲಿ ಉಸಿರು ಕಟ್ಟಿದಾಗ ಎದೆಯೊಳಗಿನ ಒತ್ತಡ ಬದಲಾಗಿ ಹೃದಯದ ಗೋಡೆ ಹಿಗ್ಗುತ್ತದೆ. ಆಗ ಹೃದಯವೇ ಒಂದು ಹಾರ್ಮೋನ್ ಬಿಡುತ್ತದೆ. ಅದರಿಂದ ಕಿಡ್ನಿ ಜಾಸ್ತಿ ಮೂತ್ರ ಮಾಡುತ್ತದೆ.
ಉಸಿರು ಸರಿಹೋದರೆ ಇದೂ ಕಡಿಮೆಯಾಗುತ್ತದೆ.

ಬೆಳಗಿನ ತಲೆನೋವೂ ಇಲ್ಲ. ಮಧ್ಯಾಹ್ನದ ತೂಕಡಿಕೆ ಇನ್ನೂ ಇದೆ, ಅದಕ್ಕೆ ವಾರಗಳೇ ಬೇಕಾಗಬಹುದು.
ಮಷೀನ್ ತೋರಿಸೋ ಎಎಚ್‌ಐ, ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರಾ ಕಡಿಮೆಯಾಯಿತು ಅನ್ನೋ ಲೆಕ್ಕ, 5ಕ್ಕಿಂತ ಕೆಳಗಿದೆ.
ನನಗೆ ಆ ಅಂಕಿಗಿಂತ ಈ ನಿದ್ದೆಯೇ ದೊಡ್ಡ ಖುಷಿ.

ಕಿರಿಕಿರಿ ಅಂತ ಮಾಸ್ಕ್ ಮೂಲೆಗಿಟ್ಟಿದ್ದರೆ, ದಯವಿಟ್ಟು ಡಾಕ್ಟರ್ ಹತ್ತಿರ ಬೇರೆ ಸೈಜ್ ಕೇಳಿ ನೋಡಿ.