ತಗದವ ನೀನ, ಮುಚ್ಚಿದವ ಯಾರ?

ಮಂಗಳವಾರದಿಂದ ಇದೊಂದ ಮಾತು ತಲ್ಯಾಗ ತಿರಗಾಕತ್ತೈತಿ. "ಪೋರ್ಟ್ ತಗದವ ನೀನ ಅಲ್ಲೇನೋ, ಮತ್ತ ಮುಚ್ಚಿದವ ಯಾರ?" ಸಾವ್ಕಾರ್ರು ಸಿಟ್ಟಿಲೆ ಕೇಳಲಿಲ್ಲ, ಖರೇನ ತಿಳೀಲಾರದ ಕೇಳಿದ್ರು, ನನಗೂ ತಿಳಿದಿರಲಿಲ್ಲ, ಅದಕ್ಕ ಜಾಸ್ತಿ ನಾಚಿಕಿ ಆತು. ಪೋರ್ಟ್ ಅಂದ್ರ ಬ್ಯಾರೆ ಕಂಪ್ಯೂಟರ್‌ದವರು ಸರ್ವರ್ ಒಳಗಿನ ಪ್ರೋಗ್ರಾಮ್‌ಗೆ ಬರೋ, ನಂಬರ್ ಇರೋ ಬಾಗಲಾ ಇದ್ದಂಗ.

ವಿಜಯಪುರದಾಗ ಒಣದ್ರಾಕ್ಷಿ ಇಡೋ ಕೋಲ್ಡ್ ಸ್ಟೋರೇಜ್ ಅವರ್ದು. ಹಳೇ ಸರ್ವರ್‌ದಾಗ ಸೆಂಟ್ಓಎಸ್ 7 ಅನ್ನೋ ಲಿನಕ್ಸ್ ಇತ್ತು, 2024ರ ಜೂನ್‌ಕ್ಕ ಅದರ ಅಪ್ಡೇಟ್ ನಿಂತಿದ್ವು, ಅದಕ್ಕ ಈಗ ಅದರ ಬದಲಿ ಅಲ್ಮಾಲಿನಕ್ಸ್ ಹಾಕಿಕೊಟ್ಟೆ. ನಾ ಉಬುಂಟು ಅನ್ನೋ ಇನ್ನೊಂದ ಲಿನಕ್ಸ್‌ದಾಗ ಬೆಳದಾವ. ಅಲ್ಲಿ ಫೈರ್‌ವಾಲ್, ಅಂದ್ರ ಯಾವ ಪೋರ್ಟ್ ತಗೀಬೇಕು ಯಾವದು ಮುಚ್ಚಬೇಕು ಅಂತ ಕಾಯೋ ಪ್ರೋಗ್ರಾಮ್, ಯುಎಫ್‌ಡಬ್ಲ್ಯು. ಅದಕ್ಕ 8080 ಅಲೋ ಅಂತ ಒಂದ ಸಲ ಹೇಳಿದ್ರ ಮುಗೀತು, ರೀಬೂಟ್ ಆದ್ರೂ ನೆನಪ ಇಟ್ಕೊಂತೈತಿ. ಇಲ್ಲಿ ಅದರ ಜಾಗಾದಾಗ ಫೈರ್‌ವಾಲ್‌ಡಿ. ಆಡ್-ಪೋರ್ಟ್ ಅಂತ ಕೊಟ್ಟೆ, "ಸಕ್ಸೆಸ್" ಅಂತು, ಗೇಟಿನ ಕಂಪ್ಯೂಟರ್‌ದಾಗ ಸ್ಟಾಕ್ ಸಾಫ್ಟ್‌ವೇರ್ ತೆರೀತು, ಚಾ ಕುಡದು ಮನಿಗೆ ಬಂದೆ.

ರಾತ್ರಿ ಕರೆಂಟ್ ಹೋತು, ಯುಪಿಎಸ್ಸೂ ಕೈ ಕೊಡ್ತು. ಮುಂಜಾನೆ ತಿಕೋಟಾ ಕಡಿಂದ ಎರಡ ಗಾಡಿ ಬಂದು ನಿಂತಾವು, ಸಾಫ್ಟ್‌ವೇರ್ ತೆರೀವಲ್ದು. ಸಾಫ್ಟ್‌ವೇರ್ ಕೊಟ್ಟ ಹುಡುಗಗ ಫೋನ್ ಹಚ್ಚಿದ್ರ "ಫೈರ್‌ವಾಲ್ ಬಂದ್ ಮಾಡಿಬಿಡ್ರಿ ಸರ್, ಎಲ್ಲಾ ಕಡೆ ನಾವು ಹಂಗ ಮಾಡ್ತೀವಿ" ಅಂದ. ಇಂಥವರ ಕೈಯಾಗ ಊರಿನ ಸರ್ವರ್ ಅದಾವ ನೋಡ್ರಿ, ಕೀಲಿ ಕಳೀತು ಅಂದ್ರ ಬಾಗಲಾನ ಕಿತ್ತ ಒಗಿಯೋ ಮಂದಿ.

ನೋಡಿದ್ರ ಪ್ರೋಗ್ರಾಮ್ 8080ರ ಮ್ಯಾಲೆ ಬರೋಬರಿ ಕುಂತಿತ್ತು, ಫೈರ್‌ವಾಲ್‌ದಾಗ ಪೋರ್ಟ್ ಲಿಸ್ಟ್ ಖಾಲಿ. ಪರ್ಮನೆಂಟ್ ಅಂತ ಸೇರಿಸಲಿಲ್ಲಂದ್ರ ಆ ರೂಲ್ ರೀಬೂಟ್ ತನಕ ಅಷ್ಟ ಇರ್ತೈತಿ. ಸರಿ, ಪರ್ಮನೆಂಟ್ ಸೇರಿಸಿ ಕೊಟ್ಟೆ. ಮತ್ತ "ಸಕ್ಸೆಸ್". ಮತ್ತ ತೆರೀಲಿಲ್ಲ! "ಪರ್ಮನೆಂಟ್ ಅಂದ್ಯಲ್ಲೋ ತಮ್ಮಾ?" ಅಂದ್ರು ಸಾವ್ಕಾರ್ರು ಹಿಂದ ನಿಂತು. ಪರ್ಮನೆಂಟ್ ಅಂದ್ರ ಫೈಲಿನಾಗ ಬರಕೊಂತೈತಿ ಅಷ್ಟ, ರೀಲೋಡ್ ಅನ್ನೋತನಕ ನಡಿಯೋ ಫೈರ್‌ವಾಲ್‌ಗೆ ಅದರ ಸುದ್ದೀನ ಇರೂದಿಲ್ಲ. ರೀಲೋಡ್ ಹೊಡದೆ, ತೆರೀತು. ಅಷ್ಟೊತ್ತಿಗೆ ಹಮಾಲ್ರು ಅರ್ಧ ಬಾಕ್ಸ್ ಇಳಿಸಿ ಹಾಳ್ಯಾಗ ಬರದಿದ್ರು.

ಆ ಸಕ್ಸೆಸ್ ಮ್ಯಾಲೆ ಭಾಳ ಸಿಟ್ಟ ಬಂದಿತ್ತು, ಆಮ್ಯಾಲೆ ಅನಿಸ್ತು, ಅದು ಸುಳ್ಳ ಹೇಳಿಲ್ಲ, ನಾ ಕೇಳಿದಷ್ಟು ಮಾಡೇತಿ. ನಮ್ಮ ಕಡೆ "ಆತ್ರಿ" ಅನ್ನೂದೂ ಹಂಗ. ಉತಾರ ಆತೇನ್ರಿ ಅಂದ್ರ ಆತ್ರಿ, ಅಂದ್ರ ಅರ್ಜಿ ತಗೊಂಡಾರ ಅಂತ. ಗೌಂಡಿ ಆತ್ರಿ ಅಂದ್ರ ನಾಳಿ ಬರ್ತೀನಿ ಅಂತ. ನಾನೂ ಸೋಮವಾರ ಸಾವ್ಕಾರ್ರಿಗೆ ಅದನ್ನ ಹೇಳಿ ಬಂದಿದ್ದೆ.

ನಿನ್ನೆ ಹೋಗಿ, ಯಾರೂ ಕರೀಲಾರದ, ಸರ್ವರ್ ರೀಬೂಟ್ ಮಾಡಿ ನೋಡಿದೆ. ತೆರೀತು. "ಆತೇನೋ?" ಅಂದ್ರು ಸಾವ್ಕಾರ್ರು. ಇನ್ನೊಂದ ಸಲ ರೀಬೂಟ್ ಮಾಡಿದೆ.