ಗ್ಯುಮ್ರಿಯ ಕುಲುಮೆಯನ್ನು ಹುಡುಕಿಕೊಂಡು ಎರಡು ಸಲ

ಅರ್ಮೇನಿಯಾದ ಎರಡನೆಯ ದೊಡ್ಡ ನಗರವಾದ ಗ್ಯುಮ್ರಿಗೆ ನಾವು ಒಂದೇ ವಾರದಲ್ಲಿ ಎರಡು ಸಲ ಹೋಗಬೇಕಾಯಿತು. ಮೊದಲನೆಯ ಸಲ ಹಣ ಕೊಟ್ಟು ಮೋಸಹೋದೆವು. ಎರಡನೆಯ ಸಲ ನಾವೇ ದಾರಿ ಕೇಳಿಕೊಂಡು ಹೋದೆವು. ನಾಲ್ಕು ದಿನ ರಜೆ ಸಿಕ್ಕರೆ ಕೊಲ್ಲಿ ದೇಶಗಳಿಂದ ಅರ್ಮೇನಿಯಾಕ್ಕೆ ಹೊರಡುವ ನಮ್ಮಂಥ ಕನ್ನಡದ ಕುಟುಂಬಗಳು ಈಚೆಗೆ ಹೆಚ್ಚಾಗಿರುವುದರಿಂದ, ನಾವು ಕಳೆದುಕೊಂಡ ಆ ಮೊದಲ ದಿನ ಇನ್ನೊಬ್ಬರಿಗೆ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಗ್ಯುಮ್ರಿಯ ಕಮ್ಮಾರಿಕೆಯ ಪರಂಪರೆಯನ್ನು ಯುನೆಸ್ಕೊ 2023ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದನ್ನು ಓದಿದಂದಿನಿಂದಲೂ ಅಲ್ಲಿಗೆ ಹೋಗಬೇಕೆಂಬ ಆಸೆ ನನಗಿತ್ತು. ಹಾವೇರಿ ಕಡೆಯ ನನ್ನ ತವರಿನಲ್ಲಿ ನಮ್ಮ ಮನೆಗೆ ಎರಡು ಮನೆ ಆಚೆ ಕುಲುಮೆಯಿತ್ತು, ಶಾಲೆಯಿಂದ ಬರುವಾಗ ತಿದಿ ಒತ್ತುವುದನ್ನು ನೋಡುತ್ತಾ ನಿಂತು ಬೈಸಿಕೊಂಡು ಬೆಳೆದವಳು ನಾನು. ಆದ್ದರಿಂದ ರಾಜಧಾನಿ ಯೆರೆವಾನ್‌ನ ಒಂದು ಪ್ರವಾಸ ಸಂಸ್ಥೆಯವರು ಗ್ಯುಮ್ರಿಯ ಕುಶಲಕರ್ಮಿಗಳ ಭೇಟಿಯೆಂದು ಒಂದು ದಿನದ ಪ್ರವಾಸವನ್ನು ಮಾರುತ್ತಿದ್ದುದನ್ನು ಕಂಡಾಗ ಹೆಚ್ಚು ವಿಚಾರಿಸದೆ ತಲಾ 18,000 ದ್ರಾಮ್ (ಅರ್ಮೇನಿಯಾದ ನಾಣ್ಯ) ಕೊಟ್ಟೆವು. ದಿನದ ಬಹುಪಾಲು ಹರಿಚಾವಾಂಕ್ ಮತ್ತು ಮರ್ಮಾಶೆನ್ ಎಂಬ ಎರಡು ಹಳೆಯ ಮಠಗಳಲ್ಲಿಯೂ ರಸ್ತೆಯ ಮೇಲೆಯೂ ಕಳೆದುಹೋಯಿತು. ಮಠಗಳು ಸುಂದರವಾಗಿಯೇ ಇವೆ, ಆದರೆ ನಾವು ಹೊರಟದ್ದು ಅವುಗಳಿಗಾಗಿ ಅಲ್ಲ. ನಗರಕ್ಕೆ ಉಳಿದದ್ದು ಒಂದು ಗಂಟೆ ಹತ್ತು ನಿಮಿಷ. ಕುಶಲಕರ್ಮಿಗಳ ಭೇಟಿಯೆಂದು ನಮ್ಮನ್ನು ಕರೆದುಕೊಂಡು ಹೋದದ್ದು ನಗರದ ಮುಖ್ಯ ಚೌಕದ ಬಳಿಯ ಒಂದು ಉಡುಗೊರೆ ಅಂಗಡಿಗೆ. ಕಮ್ಮಾರರು ಎಲ್ಲಿ ಎಂದು ಕೇಳಿದರೆ ಮಾರ್ಗದರ್ಶಿಯು ಇಂದು ಅವರಿಗೆ ರಜೆ ಎಂದರು.

ಅದಕ್ಕಿಂತಲೂ ನನಗೆ ಸಹಿಸಲಾಗದ್ದು ಹಿಂದಿರುಗುವಾಗ ನಡೆಯಿತು. 1988ರ ಡಿಸೆಂಬರ್ 7ರಂದು ಬೆಳಿಗ್ಗೆ 11.41ಕ್ಕೆ ಆದ ಭೂಕಂಪದಲ್ಲಿ ಈ ಪ್ರದೇಶದಲ್ಲಿ ಕನಿಷ್ಠ 25,000 ಮಂದಿ ಸತ್ತರು. ಮನೆ ಕಳೆದುಕೊಂಡವರಿಗೆ ತಾತ್ಕಾಲಿಕವೆಂದು ಕೊಟ್ಟ, ದೊಮಿಕ್ ಎಂದು ಕರೆಯುವ ತಗಡಿನ ಗೂಡುಗಳಲ್ಲಿ ಕೆಲವು ಕುಟುಂಬಗಳು ಮೂರು ದಶಕ ಕಳೆದರೂ ಉಳಿದವು. ಅಂಥ ಒಂದು ಸಾಲಿನ ಮುಂದೆ ಬಸ್ಸನ್ನು ನಿಧಾನಿಸಿ, ಬೇಕಾದವರು ಕಿಟಕಿಯಿಂದ ಫೋಟೊ ತೆಗೆದುಕೊಳ್ಳಬಹುದು ಎಂದು ಹೇಳಲಾಯಿತು. ಹೊರಗೆ ಒಬ್ಬ ಮುದುಕಿ ಬಟ್ಟೆ ಒಣಹಾಕುತ್ತಿದ್ದರು. ನೀವು ಯಾವ ಪ್ರವಾಸದಲ್ಲಿ ಹೋದರೂ ದಯವಿಟ್ಟು ಅಲ್ಲಿ ಕ್ಯಾಮೆರಾ ಎತ್ತಬೇಡಿ.

ಮೂರನೆಯ ದಿನ, ಶನಿವಾರ, ನಾನು, ನನ್ನ ಪತಿ ಮತ್ತು ಅತ್ತೆಯವರು ರೈಲಿನಲ್ಲಿ ಹೊರಟೆವು. ಯೆರೆವಾನ್‌ನ ರೈಲು ನಿಲ್ದಾಣ ಸಾಸುಂತ್ಸಿ ದಾವಿತ್ ಎಂಬ ಮೆಟ್ರೊ ನಿಲ್ದಾಣಕ್ಕೆ ಅಂಟಿಕೊಂಡೇ ಇದೆ. ವೇಗದ ರೈಲು ಸುಮಾರು ಎರಡು ಗಂಟೆಯಲ್ಲಿಯೂ ಸಾಮಾನ್ಯ ರೈಲು ಸುಮಾರು ಮೂರು ಗಂಟೆಯಲ್ಲಿಯೂ ತಲುಪಿಸುತ್ತವೆ; ವೇಗದ ರೈಲಿಗೆ ನಾವು ತಲಾ 2,500 ದ್ರಾಮ್ ಕೊಟ್ಟೆವು. ಹೋಗುವಾಗ ಎಡಗಡೆಯ ಕಿಟಕಿಯನ್ನು ಹಿಡಿಯಿರಿ. ಟರ್ಕಿಯ ಗಡಿಯ ಆಚೆ ನಿಂತಿರುವ, ಅರ್ಮೇನಿಯನ್ನರು ಮಾಸಿಸ್ ಎಂದು ಕರೆಯುವ ಅರರಾತ್ ಪರ್ವತ ಬಹಳ ಹೊತ್ತು ಜೊತೆಗೆ ಬರುತ್ತದೆ. ಬೆಳಿಗ್ಗೆ ಟಿಕೆಟ್ ಕೊಳ್ಳುವಾಗಲೇ ಸಂಜೆಯ ಟಿಕೆಟ್ಟನ್ನೂ ಕೊಳ್ಳಿ. ನಾವು ಕೊಳ್ಳದೆ ಪಟ್ಟ ಪಾಡನ್ನು ಮುಂದೆ ಹೇಳುತ್ತೇನೆ.

ನಿಲ್ದಾಣದಿಂದ ನೇರವಾಗಿ ದ್ಜಿತೊಘ್ತ್ಸ್ಯಾನ್ ವಸ್ತುಸಂಗ್ರಹಾಲಯಕ್ಕೆ ಹೋಗಿ. ಇದು 1872ರಲ್ಲಿ ಕೆಂಪು ತೂಫ್ ಕಲ್ಲಿನಿಂದ, ಅಂದರೆ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲಿನಿಂದ, ಕಟ್ಟಿದ ಒಬ್ಬ ಸಿರಿವಂತರ ಮನೆ. ಒಳಗೆ ಆ ಕಾಲದ ಊರಿನ ಬದುಕೂ ಕಸುಬುಗಳ ಸಲಕರಣೆಗಳೂ ಇವೆ. ಆದರೆ ನಾನು ಇದನ್ನು ಮೊದಲಿಗೆ ಹೇಳುವುದಕ್ಕೆ ಬೇರೆಯೇ ಕಾರಣವಿದೆ. ಗ್ಯುಮ್ರಿಯ ಕುಲುಮೆಗಳು ಅಂಗಡಿಗಳಲ್ಲ. ಅವು ಮನೆಗಳ ಹಿಂದಿನ ಅಂಗಳಗಳಲ್ಲಿವೆ, ನಾವು ಹೋದದ್ದಕ್ಕಂತೂ ಫಲಕವೂ ಇರಲಿಲ್ಲ. ಹಾಗಾಗಿ ಮೊದಲೇ ಯಾರಾದರೂ ಫೋನ್ ಮಾಡಿ ಹೇಳಬೇಕಾಗುತ್ತದೆ. ಇಲ್ಲಿ ಟಿಕೆಟ್ ಕೊಡುವ ಹೆಂಗಸಿಗೆ ನಮ್ಮ ಉದ್ದೇಶ ತಿಳಿದ ಕೂಡಲೇ ಅವರು ತಮ್ಮ ಫೋನಿನಿಂದಲೇ ಒಬ್ಬ ಕಮ್ಮಾರರನ್ನು ವಿಚಾರಿಸಿ, ಮಧ್ಯಾಹ್ನದ ಹೊತ್ತನ್ನು ಗೊತ್ತುಮಾಡಿ, ದಾರಿಯನ್ನು ಕಾಗದದ ಮೇಲೆ ಬರೆದುಕೊಟ್ಟರು. ಇದಕ್ಕಾಗಿ ಅವರು ಒಂದು ದ್ರಾಮನ್ನೂ ತೆಗೆದುಕೊಳ್ಳಲಿಲ್ಲ. ಊರಿನ ಹಲವು ವಸ್ತುಸಂಗ್ರಹಾಲಯಗಳು ಸೋಮವಾರ ಮುಚ್ಚಿರುವುದರಿಂದ ಆ ದಿನವನ್ನು ಆರಿಸಿಕೊಳ್ಳಬೇಡಿ.

ಮಧ್ಯಾಹ್ನದವರೆಗೆ ಕುಮೈರಿ ಎಂಬ ಹಳೆಯ ಬಡಾವಣೆಯಲ್ಲಿ ನಡೆದಾಡಿದೆವು. 1828–29ರ ರಷ್ಯಾ–ಟರ್ಕಿ ಯುದ್ಧದ ನಂತರ ಕಾರ್ಸ್, ಎರ್ಜುರುಮ್ ಕಡೆಗಳಿಂದ ಬಂದ ಅರ್ಮೇನಿಯನ್ ಕುಟುಂಬಗಳು ತಮ್ಮ ಕಸುಬುಗಳನ್ನೂ ಜೊತೆಗೆ ತಂದು ಇಲ್ಲಿ ನೆಲೆಸಿದವು. 1837ರಲ್ಲಿ ಊರಿಗೆ ಅಲೆಕ್ಸಾಂಡ್ರೊಪೋಲ್ ಎಂಬ ಹೆಸರು ಬಂದಿತು, ಮುಂದೆ ಸೋವಿಯತ್ ಕಾಲದಲ್ಲಿ ಅದೇ ಊರು ಲೆನಿನಾಕಾನ್ ಆಯಿತು. ಕಪ್ಪು ಮತ್ತು ಕೆಂಪು ತೂಫ್ ಕಲ್ಲಿನ ಒಂದು, ಎರಡು ಅಂತಸ್ತಿನ ಆ ಕಾಲದ ಮನೆಗಳಲ್ಲಿ ಬಹಳಷ್ಟು ಭೂಕಂಪವನ್ನು ತಾಳಿಕೊಂಡು ನಿಂತವು, ಸೋವಿಯತ್ ಕಾಲದ ಒಂಬತ್ತು ಅಂತಸ್ತಿನ ಕಟ್ಟಡಗಳು ಕುಸಿದವು. ಇದನ್ನು ತಿಳಿದುಕೊಂಡು ನಡೆದರೆ ಪ್ರತಿಯೊಂದು ಗೋಡೆಯ ಮುಂದೆಯೂ ನಿಲ್ಲಬೇಕೆನಿಸುತ್ತದೆ. ಬಾಗಿಲುಗಳನ್ನೂ ನೋಡಿ: ಕಬ್ಬಿಣದ ಹಿಡಿಗಳು, ಕಿಟಕಿಯ ಸರಳುಗಳು, ಬಾಲ್ಕನಿಯ ಕಟಕಟೆಗಳು ಎಲ್ಲವೂ ಈ ಊರಿನ ಕುಲುಮೆಗಳಲ್ಲಿಯೇ ಬಡಿದು ಮಾಡಿದವು. ಮರಿಯಮ್ ಮತ್ತು ಯೆರಾನುಹಿ ಅಸ್ಲಮಾಜ್ಯಾನ್ ಎಂಬ ಕಲಾವಿದೆ ಸೋದರಿಯರ ಚಿತ್ರಗಳೂ ಮಣ್ಣಿನ ಕೆಲಸಗಳೂ ಇರುವ ಮನೆಯೂ ಇಲ್ಲಿಯೇ ಇದೆ. ಮರಿಯಮ್ ಭಾರತಕ್ಕೂ ಬಂದು ಚಿತ್ರ ಬರೆದವರು. ರಸ್ತೆಗಳಿಗೆ ಕಲ್ಲು ಹಾಸಿದ್ದಾರೆ, ಹೀಗಾಗಿ ಮಂಡಿನೋವಿರುವ ಹಿರಿಯರು ಊರುಗೋಲು ತರುವುದು ಒಳ್ಳೆಯದು. ಚೌಕದಲ್ಲಿರುವ ಯೊತ್ ವೆರ್ಕ್ ಇಗರ್ಜಿಯ ಅಂಗಳದಲ್ಲಿ ಭೂಕಂಪದಲ್ಲಿ ಉರುಳಿಬಿದ್ದ ಅದರ ಗೋಪುರಗಳನ್ನು ಹಾಗೆಯೇ ಇಟ್ಟಿದ್ದಾರೆ. ಶನಿವಾರದ ಜನಸಂದಣಿ ನನಗೆ ತಡೆಯಲಾಗದೆ ಅಲ್ಲಿಂದ ಬೇಗ ಹೊರಟೆವು; ಕೋಟೆಯ ಕಡೆಗೆ ಹೋಗಲೇ ಇಲ್ಲ.

ಕುಲುಮೆ ಒಂದು ತಗ್ಗಾದ ಕಲ್ಲಿನ ಕೊಠಡಿ. ತಿದಿಯ ಜಾಗದಲ್ಲಿ ಈಗ ವಿದ್ಯುತ್ತಿನ ಗಾಳಿಯಂತ್ರವಿದೆ. ಉಳಿದದ್ದೆಲ್ಲವೂ, ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ಅಡಿಗಲ್ಲು, ಇಕ್ಕಳಗಳ ಸಾಲು, ಸುತ್ತಿಗೆಗಳು, ಕಾದ ಕಬ್ಬಿಣವನ್ನು ಅದ್ದುವ ನೀರಿನ ತೊಟ್ಟಿ, ನನ್ನ ಬಾಲ್ಯದ ಬೀದಿಯವೇ. ಅರವತ್ತು ದಾಟಿದ ಆ ಕಮ್ಮಾರರು ತಂದೆಯಿಂದ ಕಲಿತವರು, ತಂದೆಯವರು ಅಜ್ಜನಿಂದ. ಈಗ ಮಗನೂ ಜೊತೆಗೆ ನಿಲ್ಲುತ್ತಾನೆ, ಇಂಗ್ಲಿಷ್ ಮಾತಾಡಿದವನೂ ಅವನೇ. ಚೌಕಾಕಾರದ ಒಂದು ಸರಳನ್ನು ಕಿತ್ತಳೆ ಬಣ್ಣ ಬರುವವರೆಗೆ ಕಾಯಿಸಿ, ಒಂದು ತುದಿಯನ್ನು ಹಿಡಿತದಲ್ಲಿ ಬಿಗಿದು, ಇನ್ನೊಂದು ತುದಿಯಿಂದ ತಿರುಚಿ, ಆರುವ ಮೊದಲೇ ತುದಿಯನ್ನು ಬಡಿದು ಬಾಗಿಸಿ ಅವರು ಗೋಡೆಯ ಕೊಕ್ಕೆಯೊಂದನ್ನು ನಮ್ಮ ಕಣ್ಣೆದುರೇ ಮಾಡಿದರು. ಕೊನೆಯಲ್ಲಿ ಬರಿಯ ಅಡಿಗಲ್ಲಿನ ಮೇಲೆ ಮೂರು ಪೆಟ್ಟು ಹಾಕಿದರು. ಏಕೆಂದು ಕೇಳಿದಾಗ ಮಗ ಹೇಳಿದ ಕಥೆ ಇದು: ಶಾಪಗ್ರಸ್ತನಾದ ಅರ್ತವಜ್ದ್ ಎಂಬ ರಾಜನನ್ನು ಮಾಸಿಸ್ ಪರ್ವತದ ಗವಿಯಲ್ಲಿ ಸರಪಳಿಯಿಂದ ಕಟ್ಟಿಹಾಕಿದ್ದಾರೆ, ಎರಡು ನಾಯಿಗಳು ಆ ಸರಪಳಿಯನ್ನು ಕಡಿಯುತ್ತಲೇ ಇರುತ್ತವೆ, ಅವನು ಹೊರಬಂದರೆ ಲೋಕ ಹಾಳಾಗುತ್ತದೆ, ಕಮ್ಮಾರರು ಅಡಿಗಲ್ಲನ್ನು ಬಡಿದಾಗಲೆಲ್ಲ ಸರಪಳಿ ಮತ್ತೆ ಗಟ್ಟಿಯಾಗುತ್ತದೆ. ಬೆಳಿಗ್ಗೆ ರೈಲಿನ ಕಿಟಕಿಯಲ್ಲಿ ಕಂಡ ಪರ್ವತ ಅದೇ ಎಂದು ಅತ್ತೆಯವರು ನನಗಿಂತ ಮೊದಲು ಗುರುತಿಸಿದರು.

ಆ ಕೊಕ್ಕೆಗೆ 4,000 ದ್ರಾಮ್ ಹೇಳಿದರು. ಮೊದಲ ದಿನದ ಅಂಗಡಿಯಲ್ಲಿ ಅದಕ್ಕಿಂತ ಚಿಕ್ಕದಕ್ಕೆ 9,000 ಕೇಳಿದ್ದರು, ಅದು ಬಡಿದದ್ದೂ ಆಗಿರಲಿಲ್ಲ. ಎರಕ ಹೊಯ್ದ ವಸ್ತುವಿನ ಅಂಚಿನಲ್ಲಿ ಅಚ್ಚಿನ ಗೆರೆ ಸಣ್ಣಗೆ ಕಾಣುತ್ತದೆ ಮತ್ತು ಹತ್ತು ಕೊಕ್ಕೆಗಳೂ ಒಂದೇ ಥರ ಇರುತ್ತವೆ. ಬಡಿದದ್ದರಲ್ಲಿ ಸುತ್ತಿಗೆಯ ಗುರುತುಗಳು ಕೈಗೆ ಸಿಗುತ್ತವೆ, ಒಂದರಂತೆ ಇನ್ನೊಂದು ಇರುವುದಿಲ್ಲ. ಇಷ್ಟನ್ನು ನೋಡಿಕೊಂಡರೆ ನೀವು ಮೋಸಹೋಗುವುದಿಲ್ಲ. ಕುಲುಮೆಯಲ್ಲಿ ಚೌಕಾಸಿ ಮಾಡಬೇಡಿ, ನಗದನ್ನೇ ಒಯ್ಯಿರಿ. ಏನೂ ಕೊಳ್ಳದಿದ್ದರೂ ಅವರ ಅರ್ಧ ಗಂಟೆಯ ಕೆಲಸ ನಿಂತದ್ದಕ್ಕೆ ಏನಾದರೂ ಕೊಟ್ಟು ಬನ್ನಿ.

ಊಟಕ್ಕೆ ಚೌಕದ ಹೋಟೆಲುಗಳನ್ನು ಬಿಟ್ಟು ಮಾರುಕಟ್ಟೆಯ ಹಿಂದಕ್ಕೆ ಹೋಗಿ. ಅಲ್ಲಿ ಐದು ಮೇಜುಗಳ ಒಂದು ಖಾನಾವಳಿಯಿದೆ. ಮಾರುಕಟ್ಟೆಯ ತರಕಾರಿಯವರೇ ಉಣ್ಣುವ ಜಾಗ. ಅತ್ತೆಯವರು ಮೊಟ್ಟೆಯನ್ನೂ ಮುಟ್ಟುವವರಲ್ಲ. ‘ಅರಾಂತ್ಸ್ ಮ್ಸಿ’ ಎಂದರೆ ಮಾಂಸವಿಲ್ಲದೆ, ‘ಅರಾಂತ್ಸ್ ದ್ಜ್ವಿ’ ಎಂದರೆ ಮೊಟ್ಟೆಯಿಲ್ಲದೆ. ಈ ಎರಡನ್ನು ಬಾಯಿಪಾಠ ಮಾಡಿಕೊಂಡು ಹೋಗಿ. ಅಡುಗೆಯಾಕೆ ಅತ್ತೆಯವರ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಪ್ರತಿಯೊಂದು ಪಾತ್ರೆಯ ಮುಚ್ಚಳವನ್ನೂ ತೆಗೆದು ತೋರಿಸಿದರು. ಮೊಸರು ಮತ್ತು ಕುಟ್ಟಿದ ಗೋಧಿಯ ಸ್ಪಾಸ್ ಎಂಬ ಸಾರಿನಲ್ಲಿ ಮೊಟ್ಟೆಯಿದೆಯೆಂದು ಅವರೇ ತಲೆಯಾಡಿಸಿ ಬೇಡವೆಂದರು. ಬೇರೆಯವರಾಗಿದ್ದರೆ ಸುಮ್ಮನೆ ಬಡಿಸುತ್ತಿದ್ದರೇನೋ. ಬದಲಿಗೆ ಕೊಟ್ಟದ್ದು ಗ್ಯುಮ್ರಿಯದೇ ತಿನಿಸಾದ ಪಾನಿರ್‌ಖಾಶ್: ಒಣಗಿದ ಲವಾಶ್ ರೊಟ್ಟಿಯ ಚೂರುಗಳು, ಅವುಗಳ ಮೇಲೆ ಎಳೆಎಳೆಯಾಗಿ ಬಿಡಿಸಿದ ಉಪ್ಪು ಚೀಸು, ಬೆಣ್ಣೆಯಲ್ಲಿ ಕಂದು ಬಣ್ಣಕ್ಕೆ ಹುರಿದ ಈರುಳ್ಳಿ, ಎಲ್ಲದರ ಮೇಲೆ ಕುದಿಯುವ ನೀರು. ಕಟಕ ರೊಟ್ಟಿಯನ್ನು ನೆನೆಸಿಕೊಂಡು ಉಣ್ಣುವ ಊರಿನವರಾದ ನಮ್ಮತ್ತೆಯವರು ಎರಡನೆಯ ಸಲ ಹಾಕಿಸಿಕೊಂಡು ಉಂಡರು. ಮೂವರ ಊಟಕ್ಕೆ, ಚಹಾ ಸೇರಿ, 5,400 ದ್ರಾಮ್. ಹೊರಡುವಾಗ ಆಕೆ ಅತ್ತೆಯವರನ್ನು ತಬ್ಬಿಕೊಂಡು ‘ಜಾನ್’ ಎಂದರು, ಆ ಮಾತಿಗೆ ಅನುವಾದ ಬೇಕಾಗಲಿಲ್ಲ.

ಸಂಜೆಯ ವೇಗದ ರೈಲಿನ ಟಿಕೆಟ್ಟುಗಳು ಮುಗಿದಿದ್ದುದರಿಂದ ಮಾರ್ಶ್ರುತ್ಕಾ ಎಂಬ ವ್ಯಾನಿನಲ್ಲಿ ಹಿಂದಿರುಗಬೇಕಾಯಿತು. ತಲಾ 1,500 ದ್ರಾಮ್ ಎಂಬುದು ಅಗ್ಗವೇ ಸರಿ, ಆದರೆ ವ್ಯಾನು ತುಂಬುವವರೆಗೆ ಹೊರಡುವುದಿಲ್ಲ. ನಾವು ಐವತ್ತು ನಿಮಿಷ ಕುಳಿತು ಕಾಯ್ದೆವು. ಹಿಂದಿನ ಸಾಲಿನಲ್ಲಿ ಕಾಲು ಚಾಚಲು ಜಾಗವಿರಲಿಲ್ಲ, ಮಂಡಿಯ ಮೇಲೆ ಬೇರೆಯವರ ಆಲೂಗಡ್ಡೆಯ ಚೀಲ, ಚಾಲಕನು ಕಿಟಕಿ ಮುಚ್ಚಿಕೊಂಡೇ ಸಿಗರೇಟು ಸೇದುತ್ತಿದ್ದನು. ಎರಡು ಗಂಟೆಯ ನಂತರ ಯೆರೆವಾನ್‌ನಲ್ಲಿ ಇಳಿದಾಗ ಅತ್ತೆಯವರನ್ನು ಇಬ್ಬರು ಹಿಡಿದು ನಿಲ್ಲಿಸಬೇಕಾಯಿತು. ಹಿರಿಯರು ಜೊತೆಗಿದ್ದರೆ ನಿಧಾನದ ರೈಲಾದರೂ ಸರಿಯೆ, ರೈಲಿನಲ್ಲಿಯೇ ಹಿಂದಿರುಗಿ. ಗ್ಯುಮ್ರಿ ಸುಮಾರು 1,500 ಮೀಟರ್ ಎತ್ತರದಲ್ಲಿರುವುದರಿಂದ ಸಂಜೆ ಯೆರೆವಾನ್‌ಗಿಂತ ಬಹಳ ಚಳಿಯಾಗುತ್ತದೆ, ಸ್ವೆಟರ್ ಇರಲಿ.

ಚೂಪಾದ ಕಬ್ಬಿಣದ ವಸ್ತುಗಳನ್ನು ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯ ತಳದಲ್ಲಿ ಇಡಿ. ನಾವು ಮೂರು ಕೊಕ್ಕೆಗಳನ್ನು ತಂದೆವು. ತೇವದ ಗಾಳಿಯಿರುವ ಊರಾದರೆ ಆಗಾಗ ಎಣ್ಣೆ ಒರೆಸಬೇಕೆಂದು ಕಮ್ಮಾರರು ಹೇಳಿದ್ದರು, ಶಾರ್ಜಾದ ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆ ಅತ್ತೆಯವರು ಅವಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ.