ದಪ್ಪ ಇದ್ದರೆ ಸಾಕಾ?

"ಇಷ್ಟು ದಪ್ಪ ಕಬ್ಬಿಣ, ಇದಕ್ಕೇ ಕಟ್ಟಿ ಎಳೆದರೆ ಏನಾಗುತ್ತೆ?"

ಗಾಡಿ ಕೆಸರಲ್ಲಿ ಹೂತಾಗ ಹಿಂದಿನ ಟೋ ಬಾಲ್, ಅಂದರೆ ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಉಂಡೆ ತೋರಿಸಿ ಎಲ್ಲರೂ ಕೇಳುವುದು ಇದನ್ನೇ. ಹೇಳಿ ಹೇಳಿ ಸಾಕಾಗಿದೆ. ಕಟ್ಟಬೇಡಿ. ಯಾವತ್ತೂ ಕಟ್ಟಬೇಡಿ.

ಟೋ ಬಾಲ್ ಇರುವುದು ಟ್ರೇಲರ್ ಎಳೆಯಲು. ಸ್ನ್ಯಾಚ್ ಸ್ಟ್ರಾಪ್, ಅಂದರೆ ಹೂತ ಗಾಡಿ ಎಳೆಯುವ ಹಿಗ್ಗುವ ಪಟ್ಟಿ ಹಾಕಿ ಜಗ್ಗುವುದು ಬೇರೆಯೇ ಕೆಲಸ. ಆ ಪಟ್ಟಿ ಸುಮಾರು 20 ಪರ್ಸೆಂಟ್ ಹಿಗ್ಗುತ್ತದೆ, ಎಳೆಯುವ ಗಾಡಿಯ ಓಟವನ್ನೆಲ್ಲ ತನ್ನೊಳಗೆ ತುಂಬಿಕೊಂಡು ಆಮೇಲೆ ಜಗ್ಗುತ್ತದೆ. ಆ ಹೊತ್ತಲ್ಲಿ ಬಾಲ್‌ನ ಕುತ್ತಿಗೆ ಮುರಿದರೆ ಕಬ್ಬಿಣದ ಉಂಡೆ ಕವಣೆ ಕಲ್ಲಿನ ಹಾಗೆ ಹಾರುತ್ತದೆ. ಗಾಜು ಒಡೆದು ಒಳಗೆ ಕೂತವರಿಗೆ ಬಡಿದು ಜೀವ ಹೋದದ್ದಿದೆ.

"ನಾವು ಹತ್ತು ಸಲ ಎಳೆದಿದ್ದೀವಿ, ಏನೂ ಆಗಿಲ್ಲ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಹತ್ತು ಸಲದಲ್ಲಿ ಬಿರುಕು ಎಷ್ಟು ಬೆಳೆದಿದೆ ಅಂತ ನೋಡಿದ್ದೀರಾ?

ನಾನೂ ಒಮ್ಮೆ ಸುಮ್ನೆ ನಿಂತಿದ್ದೆ. ಗೆಳೆಯನೊಬ್ಬ ಗಾಡಿಯಡಿ ಬಗ್ಗಿ ಒಂದು ಕೊಂಡಿ ಹುಡುಕಿ ಅದಕ್ಕೆ ಪಟ್ಟಿ ಸಿಕ್ಕಿಸಿದ. ಅದು ಟೈ ಡೌನ್ ಕೊಂಡಿ, ಗಾಡಿಯನ್ನು ಲಾರಿ ಮೇಲೆ ಬಿಗಿದು ಸಾಗಿಸಲು ಕೊಟ್ಟಿರುವಂಥದ್ದು. ನನಗೆ ಅನುಮಾನ ಇತ್ತು, ಆದರೆ ಎಲ್ಲರೂ ಅವಸರದಲ್ಲಿದ್ದರು, ಮಳೆ ಬೇರೆ ಬರುತ್ತಿತ್ತು, ಬಾಯಿ ಬಿಡಲಿಲ್ಲ. ಎರಡನೇ ಜಗ್ಗಿಗೆ ಕೊಂಡಿ ಕಿತ್ತು ಬಂತು. ಯಾರಿಗೂ ತಗುಲಲಿಲ್ಲ, ಆದರೆ ಒಂದು ನಿಮಿಷದ ಹಿಂದೆ ಅವನ ತಮ್ಮ ನಿಂತಿದ್ದ ಜಾಗದ ಮೇಲೇ ಅದು ಹಾರಿಹೋಯಿತು. ಅವತ್ತಿನಿಂದ ನಾನು ಸುಮ್ಮನಿರುವುದಿಲ್ಲ. ಜಗಳವಾದರೂ ಪರವಾಗಿಲ್ಲ.

ಹಾಗಾದರೆ ಎಲ್ಲಿ ಕಟ್ಟಬೇಕು? ದಪ್ಪ ನೋಡಬೇಡಿ, ಅದು ಯಾವುದಕ್ಕೆ ಕೂತಿದೆ ನೋಡಿ. ಒಳ್ಳೆಯ ರಿಕವರಿ ಪಾಯಿಂಟ್, ಅಂದರೆ ಹೂತ ಗಾಡಿ ಎಳೆಯಲೆಂದೇ ಇರುವ ಕೊಂಡಿ, ನೇರವಾಗಿ ಚಾಸಿಗೆ, ಗಟ್ಟಿ ದರ್ಜೆಯ ಬೋಲ್ಟುಗಳಲ್ಲಿ ಕೂತಿರುತ್ತದೆ, ಎಷ್ಟು ಭಾರಕ್ಕೆ ಅಂತ ಅದರ ಮೇಲೇ ಬರೆದಿರುತ್ತದೆ. ಪಟ್ಟಿಯನ್ನು ಪಾಯಿಂಟಿಗೆ ಸಿಕ್ಕಿಸುವ ಕಬ್ಬಿಣದ ಬಳೆ, ಶ್ಯಾಕಲ್ ಕೂಡ ಹಾಗೇ, 19 ಮಿ.ಮೀ. ಬೋ ಶ್ಯಾಕಲ್ ಮೇಲೆ ಸಾಮಾನ್ಯವಾಗಿ 4.75 ಟನ್ ಅಂತ ಇರುತ್ತದೆ. ಗುರುತೇ ಇಲ್ಲದ್ದನ್ನು ಮನೆಯಲ್ಲೇ ಬಿಟ್ಟು ಬನ್ನಿ. ಬಂಪರಿಗೆ ತಿರುಗಿಸಿ ಹಾಕುವ ಬಳೆಯಂಥ ಟೋ ಐ ಕೆಟ್ಟ ಗಾಡಿಯನ್ನು ರಸ್ತೆ ಮೇಲೆ ಮೆಲ್ಲಗೆ ಎಳೆಯಲು ಮಾತ್ರ. ಮುಂದೆ ಎರಡು ಪಾಯಿಂಟ್ ಇದ್ದರೆ ಎರಡಕ್ಕೂ ಸಿಕ್ಕಿಸುವ ಪಟ್ಟಿ, ಬ್ರೈಡಲ್ ಹಾಕಿ ಭಾರ ಹಂಚಿ. ಎರಡು ಪಟ್ಟಿ ಜೋಡಿಸಲು ಮಧ್ಯೆ ಕಬ್ಬಿಣದ ಶ್ಯಾಕಲ್ ಹಾಕಲೇಬೇಡಿ, ಪಟ್ಟಿ ಹರಿದರೆ ಅದೂ ಹಾರುತ್ತದೆ.

ನಿಜ ಹೇಳಬೇಕೆಂದರೆ ನನ್ನನ್ನು ಯಾರೂ ಕೇಳದ ಪ್ರಶ್ನೆ ಬೇರೆ ಇದೆ. ಈಗಲೇ ಎಳೆಯಲೇಬೇಕಾ? ಟೈರಿನ ಗಾಳಿ ಇಳಿಸಿದ್ದೀರಾ? ಚಕ್ರದ ಮುಂದಿನ ಮಣ್ಣು ತೋಡಿದ್ದೀರಾ? ಆಕ್ಸಲ್ ನೆಲಕ್ಕೆ ಕಚ್ಚಿಕೊಂಡಿದ್ದರೆ ಎಷ್ಟೇ ಒಳ್ಳೆಯ ಪಾಯಿಂಟ್ ಆಗಲಿ, ಬೇಕಿಲ್ಲದ ಭಾರವನ್ನೆಲ್ಲ ಅದೇ ಹೊರಬೇಕು. ಅರ್ಧ ಗಂಟೆ ಸಲಿಕೆ ಹಿಡಿದರೆ ಎಷ್ಟೋ ಸಲ ಗಾಡಿ ತಾನಾಗೇ ಎದ್ದು ಬರುತ್ತದೆ, ಬರದಿದ್ದರೂ ಮೆಲ್ಲಗೆ ಎಳೆದರೆ ಸಾಕಾಗುತ್ತದೆ.

ಅವತ್ತು ಕೊನೆಗೆ ನಾವು ಮಾಡಿದ್ದೂ ಅದನ್ನೇ. ಗಾಳಿ ಇಳಿಸಿ, ಮಣ್ಣು ತೋಡಿ, ಚಕ್ರದಡಿ ಹಿಡಿತ ಕೊಡುವ ಹಲಗೆ, ರಿಕವರಿ ಬೋರ್ಡ್ ಕೊಟ್ಟೆವು. ಪಟ್ಟಿ ಬೇಕಾಗಲೇ ಇಲ್ಲ.